ಗಿರಿಜನ ಮಕ್ಕಳೂ ನಮ್ಮ ಶಾಲೆಗಳೂ

ಸತ್ಯಮಂಗಲದಿಂದ ಚಾಮರಾಜನಗರಕ್ಕೆ ಹೋಗುವ ಹೆದ್ದಾರಿಯು ಬಣ್ಣಾರಿಯನ್ನು ದಾಟಿದೊಡನೆ ಬೆಟ್ಟವನ್ನು ಏರತೊಡಗುತ್ತದೆ. ಕಡಿದಾದ 27 ತಿರುವುಗಳನ್ನು ಹತ್ತಿ ನಿಂತರೆ ದಿಂಬಂ. ಕೆಳಗೆ ತಮಿಳು ಬಯಲು; ಮೇಲೆ ಹಾಸನೂರು, ತಾಳವಾಡಿಗಳ ಕಡೆಗೆ ಹಬ್ಬಿದ ಕಾಡು ಮತ್ತು ಕನ್ನಡದ ಮಾತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ತಾಳವಾಡಿ ಸೀಮೆಯು ಮದರಾಸಿನಲ್ಲಿಯೇ ಉಳಿಯಿತು. ಅಂದಿನಿಂದ ಗಡಿಯ ವಿಚಾರವಾಗಿ ನಾವು ಬರೆದುದೂ ಬಹಳ, ಮಾತನಾಡಿದುದೂ ಬಹಳ. ಆದರೆ ಆ ಗೆರೆ ಬೀಳುವುದಕ್ಕೆ ಎಷ್ಟೋ ಮುಂಚಿನಿಂದ ಇಲ್ಲಿ ಬಾಳಿದ ಸೋಲಿಗರ, ಊರಾಳಿಗಳ ಮಕ್ಕಳನ್ನು ಕುರಿತು ಅಧ್ಯಾಪಕರಾದ ನಾವು ಬರೆದುದು ಅತ್ಯಲ್ಪ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವುದೇ ಈ ಲೇಖನದ ಉದ್ದೇಶ.

ನನ್ನದೊಂದು ತಪ್ಪಿನಿಂದಲೇ ಆರಂಭಿಸುವೆನು. ನಾನು ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಐದನೆಯ ತರಗತಿಯಲ್ಲಿ ಒಬ್ಬ ಸೋಲಿಗ ಹುಡುಗನಿದ್ದನು. ಲೆಕ್ಕದಲ್ಲಿ ಚುರುಕು; ಪಾಠ ಓದೆಂದರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಬೇಸಗೆ ಹತ್ತಿರವಾದೊಡನೆ ಶಾಲೆಗೆ ಬರುವುದನ್ನು ನಿಲ್ಲಿಸಿದನು. ನಾನು ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ಷರಾ ಬರೆದು ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದುಹಾಕಿದೆನು. ಕೆಲವು ತಿಂಗಳ ಮೇಲೆ ಅವನ ತಾಯಿ ದಾರಿಯಲ್ಲಿ ಸಿಕ್ಕಿ, “ಜೇನಿನ ಕಾಲ ಸಾಮಿ, ಅಪ್ಪನ ಸಂಗಡ ಕಾಡಿಗೆ ಹೋಗಿದ್ದ. ನೀವು ಹೆಸರು ಹೊಡೆದಿದ್ದೀರಂತೆ. ಅವನಿಗೆ ನಾಚಿಕೆ, ಇನ್ನು ಬರಾಕಿಲ್ಲ ಅಂತಾನೆ” ಎಂದಳು. ಆಕೆಯ ದನಿಯಲ್ಲಿ ದೂರು ಇರಲಿಲ್ಲ. ಹುಡುಗನು ಮತ್ತೆ ಬರಲೇ ಇಲ್ಲ. ನಾನು ಆ ಪುಸ್ತಕದಲ್ಲಿ ಬರೆದುದು ಹುಡುಗನ ದೋಷವನ್ನಲ್ಲ, ನನ್ನ ಅಜ್ಞಾನವನ್ನು ಎಂಬುದು ಆಮೇಲೆ ಅರಿವಾಯಿತು.

ಗಿರಿಜನರ ಮಗು ಶಾಲೆಗೆ ಒಂಟಿಯಾಗಿ ಬರುವುದಿಲ್ಲ. ತನ್ನ ಮನೆಯ ನುಡಿ, ತನ್ನ ಕುಲದ ಹೆಸರು, ಹೆತ್ತವರ ಕಾಡು ಈ ಮೂರನ್ನೂ ಜೊತೆಗೆ ಕರೆತರುತ್ತದೆ. ಇವನ್ನು ಬಾಗಿಲ ಹೊರಗೆ ಬಿಟ್ಟು ಬಾ ಎಂದರೆ ಮಗುವೂ ಹೊರಗೇ ಉಳಿಯುತ್ತದೆ. ಈ ಮೂರನ್ನೂ ಒಂದೊಂದಾಗಿ ವಿಚಾರ ಮಾಡೋಣ.

ಮೊದಲನೆಯದು ನುಡಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಮೂಲಕ ಬೋಧಿಸುವ ಸೌಕರ್ಯವಿರಬೇಕೆಂದು ಹೇಳುವ 350ಎ ವಿಧಿಯು 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮೂ ಬೋಧನೆಯು ಸಾಧ್ಯವಾದಮಟ್ಟಿಗೆ ತಾಯ್ನುಡಿಯಲ್ಲಿರಬೇಕೆನ್ನುತ್ತದೆ. ತಮಿಳುನಾಡಿನಲ್ಲಿ 2006ರ ಕಾಯಿದೆಯಂತೆ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಲಿಯಬೇಕಾಗಿ ಬಂದ ಮೇಲಂತೂ ಗಡಿನಾಡಿನ ಕನ್ನಡಿಗರಾದ ನಾವು ಈ ವಿಧಿಯನ್ನು ಮತ್ತೆ ಮತ್ತೆ ನೆನೆಯುತ್ತಿದ್ದೇವೆ. ತಮಿಳನ್ನು ಕಲಿಯುವುದು ತಪ್ಪಲ್ಲ. ಈ ಮಕ್ಕಳಿಗೆ ಅದು ಅನ್ನದ ದಾರಿ. ಆದರೆ ಸೋಲಿಗರ ನುಡಿಯು ಕನ್ನಡಕ್ಕೆ ಹತ್ತಿರವಾದುದೆಂಬ ಕಾರಣದಿಂದ ಅದನ್ನು ಕೆಟ್ಟ ಕನ್ನಡವೆಂದು ತಿದ್ದುವವರೂ ನಾವೇ. ಊರಾಳಿಗಳ ಮಾತಂತೂ ನಮ್ಮ ಕಿವಿಗೇ ಬಿದ್ದಿಲ್ಲ. ತಮಿಳಿನ ಎದುರಿಗೆ ನಾವು ಬೇಡುವ ನ್ಯಾಯವನ್ನೇ ಸೋಲಿಗ ಮಗುವು ಕನ್ನಡದ ಎದುರಿಗೆ ಬೇಡಿದರೆ ನಮ್ಮಲ್ಲಿ ಉತ್ತರವಿದೆಯೆ? ನನ್ನ ತರಗತಿಯಲ್ಲಿ ಬಾಯಿ ಬಿಡದೆ ಕುಳಿತ ಆ ಹುಡುಗನು ಕೇಳಿದುದು ಇದನ್ನೇ.

ಎರಡನೆಯದು ಹೆಸರು. ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ರಾಜ್ಯ ರಾಜ್ಯಕ್ಕೂ ಬೇರೆಯಾಗಿ ಮಾಡಿದೆ. ಕರ್ನಾಟಕದ ಪಟ್ಟಿಯಲ್ಲಿ ‘ಶೋಲಗ’, ‘ಸೋಲಿಗರು’ ಎಂಬ ಎರಡು ರೂಪಗಳಿವೆ. ತಮಿಳುನಾಡಿನದರಲ್ಲಿ ‘ಶೋಲಗ’ ಒಂದೇ. ಬೆಟ್ಟದ ಆಚೆಯವರೂ ಈಚೆಯವರೂ ಹೆಣ್ಣು ಕೊಟ್ಟು ತರುವ ನೆಂಟರು. ಆದರೆ ಕಾಗದದ ಮೇಲೆ ಕಾಗುಣಿತ ಬೇರೆ. ಪ್ರವೇಶ ಪುಸ್ತಕದಲ್ಲಿ ಗುಮಾಸ್ತನೋ ಅಧ್ಯಾಪಕನೋ ಕಿವಿಗೆ ಬಿದ್ದಂತೆ ಬರೆದ ಒಂದಕ್ಷರವು ಮುಂದೆ ಜಾತಿ ಪ್ರಮಾಣಪತ್ರಕ್ಕೆ ತೊಡಕಾಗುತ್ತದೆ. ಈ ಪತ್ರವನ್ನು ತಹಸೀಲ್ದಾರರು ಕೊಡುವಂತಿಲ್ಲ. ಕಂದಾಯ ವಿಭಾಗಾಧಿಕಾರಿಗಳೇ ಕೊಡಬೇಕು. ನಮ್ಮ ಬೆಟ್ಟದವರು ಅದಕ್ಕಾಗಿ ಗೋಬಿಚೆಟ್ಟಿಪಾಳಯದವರೆಗೆ ಇಳಿಯಬೇಕು. ಕೂಲಿಯ ದಿನ ಹೋಯಿತು, ಬಸ್ಸಿನ ಹಣವೂ ಹೋಯಿತು. ಪತ್ರವಿಲ್ಲದೆ ವಿದ್ಯಾರ್ಥಿವೇತನವಿಲ್ಲ, ಮೀಸಲು ಸ್ಥಾನವಿಲ್ಲ. ನೆರೆಯ ಬರಗೂರು ಬೆಟ್ಟದ ಮಲೆಯಾಳಿಗಳ ಪಾಡು ಇನ್ನೂ ವಿಚಿತ್ರ. ಧರ್ಮಪುರಿ, ಸೇಲಂ ಮೊದಲಾದ ಜಿಲ್ಲೆಗಳಲ್ಲಿ ಅವರು ಪರಿಶಿಷ್ಟ ಪಂಗಡದವರು. ಪಟ್ಟಿಯಲ್ಲಿ ಹೆಸರಿಸಿದ ಜಿಲ್ಲೆಗಳಲ್ಲಿ ಈರೋಡು ಸೇರಿಲ್ಲವಾದುದರಿಂದ ಇಲ್ಲಿ ಅಲ್ಲ.

ಮೂರನೆಯದು ಕಾಡು. ಹೆತ್ತವರಿಗೆ ನೆಲೆಯಿಲ್ಲದಿದ್ದರೆ ಮಗುವಿಗೆ ಶಾಲೆಯಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ಸಾಗುವಳಿ ಮಾಡುತ್ತಿದ್ದ ಗಿರಿಜನ ಕುಟುಂಬಕ್ಕೆ ನಾಲ್ಕು ಹೆಕ್ಟೇರಿನವರೆಗೆ ಹಕ್ಕುಪತ್ರವನ್ನೂ, ಜೇನು, ನೆಲ್ಲಿ, ಸೀಗೆ ಮುಂತಾದ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನೂ ಕೊಡುತ್ತದೆ. ತಮಿಳುನಾಡಿನಲ್ಲಿ ನ್ಯಾಯಾಲಯದ ಆದೇಶದ ಕಾರಣ ಹಕ್ಕುಪತ್ರ ವಿತರಣೆಯು 2016ರವರೆಗೆ ತಡೆಯಿತು. ಅಷ್ಟರಲ್ಲಿ, 2013ರಲ್ಲಿ, ಸತ್ಯಮಂಗಲದ ಕಾಡು ಹುಲಿ ಮೀಸಲು ಪ್ರದೇಶವಾಯಿತು. ಅತ್ತ ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲಿ ಮೀಸಲು ಘೋಷಣೆಯಾದ 2011ರಲ್ಲಿಯೇ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತುವು. ಒಂದೇ ಜನ, ಒಂದೇ ಬೆಟ್ಟಸಾಲು, ಒಂದೇ ಕಾಯಿದೆ. ಫಲ ಮಾತ್ರ ಬೇರೆ. ನಮ್ಮವರು ಗಮನಿಸದ ಅಂಶವೊಂದು ಇದೇ ಕಾಯಿದೆಯಲ್ಲಿದೆ. ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆ, ಅಂಗನವಾಡಿಗಳಿಗಾಗಿ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಪಡೆಯಬಹುದು. ಕಾಡಿನೊಳಗೆ ಶಾಲೆ ಕಟ್ಟಲಾಗದೆಂಬ ಮಾತು ಇನ್ನು ನೆಪವಾಗಬಾರದು.

ಹಾಗಾದರೆ ಮಕ್ಕಳನ್ನು ದೂರದ ವಸತಿಶಾಲೆಗೆ ಸೇರಿಸಿದರೆ ಸಾಲದೆ ಎಂದು ಕೆಲವರು ಕೇಳುವುದುಂಟು. ವಸತಿಶಾಲೆಯ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆನಡ ದೇಶದ ಅನುಭವವು ನಮಗೆ ಎಚ್ಚರಿಕೆ. ಅಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಕಾಲ ಸುಮಾರು ಒಂದೂವರೆ ಲಕ್ಷ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬಿಡಿಸಿ, ಅವರ ನುಡಿಯನ್ನು ಮರೆಸುವುದಕ್ಕಾಗಿಯೇ ವಸತಿಶಾಲೆಗಳಲ್ಲಿ ಇರಿಸಿದರು. ಅಲ್ಲಿನ ಪ್ರಧಾನಿ 2008ರಲ್ಲಿ ಪಾರ್ಲಿಮೆಂಟಿನಲ್ಲಿ ನಿಂತು ಕ್ಷಮೆ ಬೇಡಬೇಕಾಯಿತು. ಬಿಳಿಗಿರಿರಂಗನ ಬೆಟ್ಟದ ಕಥೆ ಬೇರೆ. ಅಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯು ಸೋಲಿಗರ ನಡುವೆಯೇ ಬೆಳೆಯಿತು. ಸೋಲಿಗರಲ್ಲಿಯೇ ಹುಟ್ಟಿದ ಡಾ. ಸಿ. ಮಾದೇಗೌಡರು ಡಾಕ್ಟರೇಟ್ ಪದವಿ ಪಡೆದು ತಮ್ಮ ಜನರ ಅರಣ್ಯ ಹಕ್ಕಿಗಾಗಿಯೇ ದುಡಿದರು. ಓದು ಮನೆಯನ್ನು ಮರೆಸಲೇಬೇಕೆಂಬ ನಿಯಮವೇನೂ ಇಲ್ಲ.

ಅಧ್ಯಾಪಕ ಬಂಧುಗಳೇ, ಕಾಯಿದೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಪ್ರವೇಶ ಪುಸ್ತಕ ನಮ್ಮ ಕೈಯಲ್ಲಿದೆ, ಹಾಜರಿ ಪುಸ್ತಕ ನಮ್ಮ ಕೈಯಲ್ಲಿದೆ. ಮಗುವನ್ನು ಸೇರಿಸಿಕೊಳ್ಳುವ ದಿನವೇ ಸರಕಾರದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಕುಲದ ಹೆಸರನ್ನು ಸರಿಯಾಗಿ ಬರೆಯೋಣ. ಪ್ರಮಾಣಪತ್ರದ ಅರ್ಜಿಗಳನ್ನು ಒಟ್ಟುಗೂಡಿಸಿ ಶಾಲೆಯ ಮೂಲಕವೇ ಕಳುಹಿಸೋಣ. ಮೊದಲ ಎರಡು ವರ್ಷ ಮಗುವಿನ ನುಡಿಯಲ್ಲಿ ಬಂದ ಉತ್ತರವನ್ನೂ ಉತ್ತರವೆಂದೇ ಎಣಿಸೋಣ. ಜೇನಿನ ಕಾಲ ಯಾವುದು, ನೆಲ್ಲಿಯ ಕಾಲ ಯಾವುದು, ರೊಟ್ಟಿ ಹಬ್ಬ ಎಂದು ಎಂಬುದನ್ನು ಪೋಡಿನ ಹಿರಿಯರಿಂದ ಕೇಳಿ ತಿಳಿದು, ತಪ್ಪಿದ ಪಾಠಗಳನ್ನು ಆಮೇಲೆ ಹೇಳಿಕೊಡುವ ಏರ್ಪಾಡು ಮಾಡೋಣ. ಇದಕ್ಕೆ ಮೇಲಿನವರ ಆಜ್ಞೆ ಬೇಕಿಲ್ಲ.

ಮಗು ಹದಿನೈದು ದಿನ ಬಾರದಿದ್ದರೆ ಕೆಂಪು ಶಾಯಿಯನ್ನು ಕೈಗೆತ್ತಿಕೊಳ್ಳುವ ಮೊದಲು ಪೋಡಿನವರೆಗೆ ಒಮ್ಮೆ ನಡೆದು ಹೋಗೋಣ. ನಾನು ಅಂದು ನಡೆಯದೆ ಹೋದ ದಾರಿ ಅದು.