ಗೃಹಸ್ಥ ಮಾಸ್ತಿ

ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986) ಅವರನ್ನು ಕನ್ನಡ ಸಣ್ಣಕಥೆಯ ಜನಕರೆಂದು, ಜ್ಞಾನಪೀಠ ಪುರಸ್ಕೃತರೆಂದು ಸ್ಮರಿಸುವುದು ವಾಡಿಕೆಯಾಗಿದ್ದರೂ, ಆ ಬರವಣಿಗೆಗೆ ಬುನಾದಿಯಾಗಿದ್ದುದು ದುಡಿಮೆಯೂ ಸಂಸಾರವೂ ಪ್ರಸನ್ನತೆಯೂ ಹದವಾಗಿ ಬೆರೆತಿದ್ದ ಅವರ ಗೃಹಸ್ಥಜೀವನ ಎಂಬುದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಕೋಲಾರ ಸೀಮೆಯ ಮಾಲೂರು ತಾಲ್ಲೂಕಿನವರಾದ ಮಾಸ್ತಿಯವರ ಬಾಲ್ಯ ಬಡತನದ್ದು. ಬಂಧುಗಳ ಆಶ್ರಯದಲ್ಲಿ, ಅಂದರೆ ಒಂದೊಂದು ಊರಿನಲ್ಲಿ ಒಂದೊಂದು ಮನೆಯ ಅನ್ನ ಉಂಡು ಓದಿದ ಅವರು 1914ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಇಂಗ್ಲಿಷ್ ಎಂ.ಎ. ಪಡೆದು, ಮೈಸೂರು ಸಿವಿಲ್ ಸರ್ವೀಸ್, ಎಂದರೆ ಸಂಸ್ಥಾನದ ಉನ್ನತ ಅಧಿಕಾರಿಗಳನ್ನು ಪರೀಕ್ಷೆಯ ಮೂಲಕ ಆರಿಸುತ್ತಿದ್ದ ಸೇವೆಯನ್ನು ಸೇರಿದರು. ವರ್ಗಾವಣೆಯ ಮೇಲೆ ವರ್ಗಾವಣೆಯಾಗುತ್ತಿದ್ದ ಆ ನೌಕರಿಯಲ್ಲಿ ಪತ್ನಿ ಮತ್ತು ಹೆಣ್ಣುಮಕ್ಕಳ ಸಂಸಾರವನ್ನು ಸಾಗಿಸುತ್ತಲೇ ಅವರು 'ಶ್ರೀನಿವಾಸ' ಎಂಬ ಹೆಸರಿನಲ್ಲಿ ಕತೆ, ಕವಿತೆ, ನಾಟಕ, ವಿಮರ್ಶೆಗಳನ್ನು ಬರೆದರು. 'ಕೆಲವು ಸಣ್ಣ ಕಥೆಗಳು' ಹೊರಬಂದ 1920ರಲ್ಲಿ ಅವರಿನ್ನೂ ಮೂವತ್ತು ದಾಟದ ಅಧಿಕಾರಿ. ಮುಂದೆ ತಮಗಿಂತ ಕಿರಿಯರೊಬ್ಬರಿಗೆ ಬಡ್ತಿ ದೊರೆತಾಗ ನಿವೃತ್ತಿಯ ವಯಸ್ಸಿಗೆ ಮುನ್ನವೇ ಕೆಲಸ ಬಿಟ್ಟರೂ ಅದರ ಕಹಿ ಅವರ ಬರಹಕ್ಕೆ ಇಳಿಯಲಿಲ್ಲ; ಇದು ಸಾಧಾರಣ ಸಂಯಮವಲ್ಲ. ಧಾರವಾಡದಲ್ಲಿ ಆರಂಭವಾಗಿದ್ದ 'ಜೀವನ' ಮಾಸಪತ್ರಿಕೆಯ ಹೊಣೆಯನ್ನು 1944ರಲ್ಲಿ ಹೊತ್ತು 1965ರವರೆಗೆ ನಡೆಸಿದರು. ಹಗಲೆಲ್ಲ ದುಡಿದು, ಸಂಜೆ ಬೆಂಗಳೂರಿನ ಗವಿಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ ಗೆಳೆಯರೊಡನೆ ಇಸ್ಪೀಟು ಆಡುವುದು ಅವರ ಇಳಿವಯಸ್ಸಿನ ರೂಢಿಯಾಗಿತ್ತು.

ಅವರ ಹಾಸ್ಯ ಗಟ್ಟಿಯಾಗಿ ನಗಿಸುವಂಥದ್ದಲ್ಲ. ಮನುಷ್ಯರ ಸಣ್ಣಪುಟ್ಟ ಹಮ್ಮುಗಳನ್ನು ಕಂಡೂ ಅವರನ್ನು ಪ್ರೀತಿಸುವವರ ನಗೆ. 'ರಂಗನ ಮದುವೆ' ಕತೆಯಲ್ಲಿ, ಬೆಂಗಳೂರಿನಲ್ಲಿ ಓದಿ ಬಂದ ರಂಗ ಮಾರ್ಪಟ್ಟಿರಬಹುದೆಂದು ಹೊಸಹಳ್ಳಿಯ ಜನ ನೋಡಲು ನೆರೆಯುತ್ತಾರೆ. ಮುದುಕಿಯೊಬ್ಬಳು ಅವನ ಎದೆ ತಡವಿ, ಜನಿವಾರ ಇದೆಯೆಂದು ಖಾತ್ರಿ ಮಾಡಿಕೊಂಡು ನೆಮ್ಮದಿಯಿಂದ ಹೋಗುತ್ತಾಳೆ. ಸಣ್ಣ ಹುಡುಗಿಯನ್ನು ಮದುವೆಯಾಗುವುದಿಲ್ಲವೆನ್ನುವ ರಂಗನಿಗೆ, ಹಾಡುವ ರತ್ನಳನ್ನು ತೋರಿಸಿ, ಜ್ಯೋತಿಷ್ಯ ಹೇಳುವ ಶಾಸ್ತ್ರಿಗಳಿಗೆ ಮೊದಲೇ ಮಾತು ಹೇಳಿಕೊಟ್ಟು, ಕಥೆಗಾರ ಶ್ಯಾಮ ಮದುವೆ ಕೂಡಿಸುತ್ತಾನೆ. ಊರಿನ ಎಲ್ಲರ ಬಗೆಗೂ ಅಕ್ಕರೆಯುಳ್ಳ ಒಬ್ಬ ಹಿರಿಯಣ್ಣನ ಕಣ್ಣು ಇಲ್ಲಿ ಕಾಣುತ್ತದೆ.

1983ರ ಜ್ಞಾನಪೀಠ ಪ್ರಶಸ್ತಿಯನ್ನು ತಂದ 'ಚಿಕವೀರ ರಾಜೇಂದ್ರ' ಗಂಭೀರ ಕಾದಂಬರಿಯಾದರೂ ಅದರೊಳಗಿನ ದೃಷ್ಟಿ ಇದೇ ಗೃಹಸ್ಥನದು. 1834ರಲ್ಲಿ ಕಂಪನಿ ಸರ್ಕಾರದ ಪಾಲಾದ ಕೊಡಗಿನ ಕಡೆಯ ಅರಸನ ಈ ಕಥೆಯಲ್ಲಿ ಮಾಸ್ತಿ ಸೈನ್ಯಗಳ ಚಲನೆಗಿಂತ ಹೆಚ್ಚು ಗಮನ ಕೊಟ್ಟದ್ದು ಅರಮನೆಯ ಒಳಮನೆಗೆ: ತಂಗಿ ಮತ್ತು ಭಾವಮೈದುನನೊಡನೆ ಅರಸ ಕಟ್ಟಿಕೊಂಡ ವೈರ, ಗಂಡನ ದುರ್ನಡತೆಯನ್ನು ಸಹಿಸುತ್ತಲೇ ತಿದ್ದಲು ಹೆಣಗುವ ರಾಣಿ ಗೌರಮ್ಮ, ಎಳೆಯ ಮಗಳು. ಮನೆಯ ಜಗಳ ಬೀದಿಗೆ ಬಿದ್ದಾಗ ಹೊರಗಿನವರಿಗೆ ಬಾಗಿಲು ಹೇಗೆ ತೆರೆಯುತ್ತದೆ ಎಂಬುದನ್ನು ಇಷ್ಟು ಮರುಕದಿಂದ ಕಾಣಲು ಸಂಸಾರದ ಸುಖದುಃಖಗಳನ್ನು ಬಲ್ಲವರಿಗೇ ಸಾಧ್ಯವಿತ್ತು.