ಹಿತ್ತಿಲ ಕೋಳಿಯ ಮೈಮೇಲಿನ ಹುಣ್ಣು: ಗುರುತು, ಆರೈಕೆ ಮತ್ತು ಒಂದಿಷ್ಟು ಲೆಕ್ಕ

ಸಿದ್ದಾಪುರದ ಕಡೆಯ ಅಡಿಕೆ ಹಾಳೆ ತಟ್ಟೆ ತಯಾರಿಕಾ ಘಟಕವೊಂದರ ವೋಚರುಗಳನ್ನು ಪರಿಶೀಲಿಸುತ್ತಿದ್ದಾಗ 'ಇತರೆ ಖರ್ಚು' ಎಂಬ ಶೀರ್ಷಿಕೆಯಡಿ ಔಷಧದ ಮೂರು ಬಿಲ್ಲುಗಳು ನನ್ನ ಕಣ್ಣಿಗೆ ಬಿದ್ದವು. ಒಂದು ಪ್ರತಿಜೀವಕದ ಪುಡಿ, ಒಂದು ಮುಲಾಮು, ಒಂದು ಟಾನಿಕ್ಕು. ಯಾವ ಕೆಲಸಗಾರನಿಗೆ ಕಾಯಿಲೆಯಾಗಿತ್ತು ಎಂದು ವಿಚಾರಿಸಿದೆ. ಮಾಲೀಕರು ಸ್ವಲ್ಪ ನಾಚಿಕೊಂಡು, "ಆಡಿಟರೇ, ಅದು ಕೆಲಸಗಾರರಿಗಲ್ಲ, ಮಗಳ ಕೋಳಿಗೆ. ಒಮ್ಮೆ ಹಿತ್ತಿಲಿಗೆ ಬಂದು ನೋಡಿ" ಎಂದರು.

ಬುಟ್ಟಿಯ ಕೆಳಗೆ ಕುಳಿತಿದ್ದ ನಾಟಿ ಹೇಂಟೆಯ ಜುಟ್ಟಿನ ಮೇಲೆ, ಕೊಕ್ಕಿನ ಬುಡದಲ್ಲಿ, ಕಣ್ಣಿನ ರೆಪ್ಪೆಯ ಸುತ್ತ ಕಂದುಬಣ್ಣದ ಗಂಟುಗಂಟಾದ ಹಕ್ಕಳೆಗಳಿದ್ದವು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಅದರ ಮೇಲೆ ನೀಲಿ ಬಣ್ಣ ಕಂಡು ಕೇಳಿದರೆ, ತೋಟಕ್ಕೆಂದು ತಂದಿಟ್ಟಿದ್ದ ಮೈಲುತುತ್ತವನ್ನೇ ನೀರಿನಲ್ಲಿ ಕಲಸಿ ಹಚ್ಚಿದ್ದರು. ಅಡಿಕೆಯ ಕೊಳೆಗೆ ಆಗುವುದು ಕೋಳಿಯ ಹುಣ್ಣಿಗೂ ಆಗಬಹುದೆಂಬ ತರ್ಕ. ಹುಡುಗಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ನಾನು ಪಶುವೈದ್ಯನಲ್ಲ. ಆದರೆ ಅಂದು ಸಂಜೆಯೇ ಪಶು ಆಸ್ಪತ್ರೆಯ ವೈದ್ಯರನ್ನು ಅವರೊಡನೆ ಹೋಗಿ ಕಂಡದ್ದರಿಂದ, ಹಾಗೂ ಆನಂತರ ಈ ವಿಷಯವನ್ನು ಸ್ವಲ್ಪ ಓದಿ ತಿಳಿದುಕೊಂಡದ್ದರಿಂದ, ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ನಮ್ಮ ವರ್ತಕ ಬಾಂಧವರಿಗೆ ನಾಲ್ಕು ಮಾತು ತಿಳಿಸಬೇಕೆನಿಸಿತು. ಏಕೆಂದರೆ ಅಂಗಡಿ, ಮಿಲ್ಲು, ಗೋದಾಮುಗಳ ಹಿಂದೆ ಐದಾರು ಕೋಳಿ ಸಾಕಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ಆ ಹೇಂಟೆಗೆ ತಗುಲಿದ್ದು ಕೋಳಿ ಸಿಡುಬು. ಇದು ವೈರಾಣುವಿನಿಂದ ಬರುವ ರೋಗ. ಹೆಸರು ಕೇಳಿ ಹೆದರುವವರಿದ್ದಾರೆ. ಮಾರಿಕಾಂಬೆಯ ಊರಾದ ಶಿರಸಿಯಲ್ಲಿ ಸಿಡುಬೆಂದರೆ ಹಿರಿಯರು ಇಂದಿಗೂ ದನಿ ತಗ್ಗಿಸುತ್ತಾರೆ. ಆದರೆ ಮನುಷ್ಯರ ಸಿಡುಬೇ ಬೇರೆ. ಅದು ಜಗತ್ತಿನಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ರಲ್ಲಿ ಘೋಷಿಸಿತು. ಕೋಳಿಯ ಸಿಡುಬು ಮನುಷ್ಯರಿಗೆ ಅಂಟುವುದಿಲ್ಲ. ಮಂಗನ ಕಾಯಿಲೆಯ ಕಹಿ ಅನುಭವವುಳ್ಳ ಸಿದ್ದಾಪುರದವರು ಈ ಪ್ರಶ್ನೆಯನ್ನೇ ಮೊದಲು ಕೇಳುವುದು ಸಹಜ. ಮಗು ಕೋಳಿಯನ್ನು ಮುಟ್ಟಬಹುದು, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆದರಾಯಿತು.

ಈ ರೋಗವನ್ನು ಮುಖ್ಯವಾಗಿ ಹರಡುವುದು ಸೊಳ್ಳೆ. ಗಾಯಗೊಂಡ ಚರ್ಮದ ಮೂಲಕವೂ ಬರುತ್ತದೆ. ನಮ್ಮ ಸೀಮೆಯಲ್ಲಿ ಸೊಳ್ಳೆಗೆ ತಾಣ ಹುಡುಕಬೇಕಾಗಿಲ್ಲ. ತೋಟದಲ್ಲಿ ಅಂಗಾತ ಬಿದ್ದ ಹಾಳೆಯೊಂದರಲ್ಲಿ ನಿಲ್ಲುವ ನೀರೇ ಸಾಕು. ತಟ್ಟೆ ಘಟಕದ ಅಂಗಳದಲ್ಲಂತೂ ಹಾಳೆಯ ರಾಶಿಯೇ ಇರುತ್ತದೆ. ಮೊದಲು ಬಿಳಿಚಿದ ಸಣ್ಣ ಗುಳ್ಳೆ, ಆಮೇಲೆ ಹಳದಿ, ಕೊನೆಗೆ ಕಪ್ಪು ಕಂದಿನ ಹಕ್ಕಳೆ. ಇವು ಗರಿಯಿಲ್ಲದ ಭಾಗದಲ್ಲೇ, ಅಂದರೆ ಜುಟ್ಟು, ಕೊಕ್ಕಿನ ಕೆಳಗಿನ ಕೆಂಪು ಜೋಲು, ರೆಪ್ಪೆ, ಕೆಲವೊಮ್ಮೆ ಕಾಲುಗಳಲ್ಲಿ ಏಳುತ್ತವೆ. ಚರ್ಮಕ್ಕಷ್ಟೇ ಸೀಮಿತವಾದರೆ ಹೆಚ್ಚಿನ ಕೋಳಿಗಳು ಮೂರು ನಾಲ್ಕು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಬಾಯಿ, ಗಂಟಲಿನೊಳಗೆ ಹಳದಿ ಪೊರೆ ಕಟ್ಟುವ ಇನ್ನೊಂದು ಬಗೆ ಮಾತ್ರ ಅಪಾಯಕಾರಿ. ಬಾಯಿ ತೆರೆದು ಉಸಿರಾಡುವ, ಮೇವು ನುಂಗಲಾಗದ ಕೋಳಿಯನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು.

ವೈರಾಣುವಿಗೆ ಔಷಧವಿಲ್ಲ. ಪ್ರತಿಜೀವಕ ವೈರಾಣುವನ್ನು ಮುಟ್ಟುವುದೂ ಇಲ್ಲ. ಹುಣ್ಣಿನಲ್ಲಿ ಕೀವು ತುಂಬಿದಾಗ ವೈದ್ಯರು ಹೇಳಿದರೆ ಮಾತ್ರ ಅದನ್ನು ಕೊಡಬೇಕು. ಆ ಅವಧಿಯಲ್ಲಿಯೂ, ವೈದ್ಯರು ಸೂಚಿಸಿದಷ್ಟು ದಿನ ಆನಂತರವೂ, ಆ ಕೋಳಿಯ ಮೊಟ್ಟೆಯನ್ನು ಯಾರೂ ತಿನ್ನಬಾರದು. ನಮ್ಮ ಮಿತ್ರರು ಕೊಂಡ ಪುಡಿಯನ್ನು ಅಂಗಡಿಯವರು ಏನನ್ನೂ ಕೇಳದೆ ಕೊಟ್ಟಿದ್ದರು. ಹಾಗಾದರೆ ಮಾಡಬೇಕಾದದ್ದೇನು? ಕೋಳಿಯನ್ನು ಬೇರೆಯಿರಿಸಿ, ಬುಟ್ಟಿಯ ಮೇಲೆ ಸೊಳ್ಳೆ ಪರದೆ ಹೊದಿಸಬೇಕು. ನೀರು ಬೆರೆಸಿ ತಿಳಿಯಾಗಿಸಿದ ಪೊವಿಡೋನ್ ಅಯೋಡಿನ್‌ನಲ್ಲಿ ಹತ್ತಿಯನ್ನು ಅದ್ದಿ, ಕಣ್ಣಿಗೆ ತಾಗದಂತೆ ಹುಣ್ಣನ್ನು ಒರೆಸಬೇಕು. ಕಣ್ಣನ್ನು ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೆಲ್ಲಗೆ ತೊಳೆಯಬೇಕು. ಹಕ್ಕಳೆಯನ್ನು ಎಂದಿಗೂ ಕಿತ್ತು ತೆಗೆಯಬಾರದು. ಕಿತ್ತರೆ ರಕ್ತ ಬರುವುದಲ್ಲದೆ, ಉದುರಿದ ಹಕ್ಕಳೆಯಲ್ಲಿ ವೈರಾಣು ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಆದ್ದರಿಂದ ಬಿದ್ದದ್ದನ್ನು ಗುಡಿಸಿ ಸುಡಬೇಕು. ಮೈಲುತುತ್ತ, ಸೀಮೆಎಣ್ಣೆ, ಬ್ಯಾಟರಿ ನೀರು ಯಾವುದೂ ಕೂಡದು. ಕಣ್ಣು ಮುಚ್ಚಿದ ಕೋಳಿಗೆ ಮೇವು ಕಾಣಿಸದು, ಎಷ್ಟೋ ಕೋಳಿಗಳು ರೋಗದಿಂದಲ್ಲ, ಹಸಿವೆಯಿಂದ ಸಾಯುತ್ತವೆ. ಮೆತ್ತಗಿನ ಅನ್ನ, ನೆನೆಸಿದ ನುಚ್ಚನ್ನು ಕೊಕ್ಕಿಗೆ ತಾಗಿಸಿ ತಿನ್ನಿಸಬೇಕು, ನೀರು ಕುಡಿಸಬೇಕು. ಈ ಕೆಲಸವನ್ನು ಆ ಹುಡುಗಿ ನಮಗಿಂತ ಚೆನ್ನಾಗಿ ಮಾಡಿದಳು.

ಹುಣ್ಣೆಲ್ಲ ಸಿಡುಬಲ್ಲ. ಒಂದನ್ನೊಂದು ಕುಕ್ಕಿಕೊಂಡ ಗಾಯ ಹೆಚ್ಚಾಗಿ ಬೆನ್ನು, ಬಾಲದ ಬುಡದಲ್ಲಿರುತ್ತದೆ. ರಕ್ತದ ಬಣ್ಣ ಕಂಡರೆ ಉಳಿದವೂ ಕುಕ್ಕುತ್ತವೆಯಾದ್ದರಿಂದ ಗಾಯಗೊಂಡದ್ದನ್ನು ತಕ್ಷಣ ಬೇರ್ಪಡಿಸಬೇಕು. ಪಾದದ ಅಡಿಯಲ್ಲಿ ಕಪ್ಪು ಹಕ್ಕಳೆಯೊಡನೆ ಊತವಿದ್ದರೆ ಅದು ಬ್ಯಾಕ್ಟೀರಿಯಾದಿಂದಾದ ಕುರು. ಎತ್ತರದ ಅಡ್ಡಗೋಲಿನಿಂದ ಚಿರೆಕಲ್ಲಿನ ಅಂಗಳಕ್ಕೆ ದಿನವೂ ಧುಮುಕುವ ಭಾರದ ಕೋಳಿಗಳಿಗೆ ಇದು ಬರುತ್ತದೆ. ಗೋಲನ್ನು ತಗ್ಗಿಸುವುದೇ ಅರ್ಧ ಚಿಕಿತ್ಸೆ, ಉಳಿದರ್ಧ ವೈದ್ಯರದ್ದು. ಕಾಲಿನ ಪೊರೆಗಳು ಸುಣ್ಣ ಮೆತ್ತಿದಂತೆ ಎದ್ದಿದ್ದರೆ ಅದು ನುಸಿಯ ಕಾಟ. ಕಾಲನ್ನು ತೊಳೆದು ವ್ಯಾಸಲೀನನ್ನು ಕೆಲವು ವಾರ ಬಿಡದೆ ಹಚ್ಚಿದರೆ ಇಳಿಯುತ್ತದೆ. ಮಳೆಗಾಲದಲ್ಲಿ ಗರಿಯಡಿಯ ಗಾಯಕ್ಕೆ ನೊಣ ಮೊಟ್ಟೆಯಿಟ್ಟು ಹುಳು ಬಿದ್ದಿದ್ದರೆ ಒಂದು ದಿನವೂ ತಡಮಾಡಬಾರದು. ಜುಟ್ಟು ನೀಲಿಗಟ್ಟಿ, ಮುಖ ಬಾತು, ಕೋಳಿಗಳು ಒಂದರ ಹಿಂದೊಂದು ಸತ್ತರೆ ಮಾತ್ರ ಮನೆಮದ್ದಿನ ಯೋಚನೆಯನ್ನೇ ಬಿಟ್ಟು, ಕೈಯಿಂದ ಮುಟ್ಟದೆ, ಪಶು ಆಸ್ಪತ್ರೆಗೆ ತಿಳಿಸಬೇಕು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಕೋಳಿ ವ್ಯಾಪಾರ ಎಂತಹ ಹೊಡೆತ ತಿಂದಿತೆಂಬುದು ವರ್ತಕರಿಗೆ ನೆನಪಿರಬಹುದು.

ಇನ್ನು ನನ್ನ ಕ್ಷೇತ್ರದ ಮಾತು. ಮಗಳ ಕೋಳಿಯ ಔಷಧ ವ್ಯಾಪಾರದ ಖರ್ಚಲ್ಲ. ಆ ಮೂರೂ ಬಿಲ್ಲುಗಳನ್ನು ಮಾಲೀಕರ ಸ್ವಂತ ಖಾತೆಗೆ ವರ್ಗಾಯಿಸಿದೆ. ಅವರು ನಕ್ಕು ಒಪ್ಪಿದರು. ಕೋಳಿ ಸಾಕಣೆಯನ್ನೇ ಉದ್ಯಮವಾಗಿ ಮಾಡುವವರ ಲೆಕ್ಕ ಬೇರೆ. ಅದರ ಆದಾಯ ಕೃಷಿ ಆದಾಯವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ, ಅದು ತಪ್ಪು. ತೆರಿಗೆಯ ದೃಷ್ಟಿಯಲ್ಲಿ ಅದು ವ್ಯಾಪಾರದ ಆದಾಯ. ಆದರೆ ಮಾರಾಟದ ದಾಸ್ತಾನಲ್ಲದೆ ಉದ್ಯಮಕ್ಕೆ ಬಳಸುವ ಪ್ರಾಣಿ ಸತ್ತರೆ ಅದರ ಕೊಂಡ ಬೆಲೆಯಲ್ಲಿ ಬಂದ ಹಣವನ್ನು ಕಳೆದು ಉಳಿದದ್ದನ್ನು ಖರ್ಚಾಗಿ ತೋರಿಸಲು 1961ರ ಆದಾಯ ತೆರಿಗೆ ಕಾಯಿದೆಯ 36ನೆಯ ಕಲಮು ಅವಕಾಶವಿತ್ತಿತು. ಖರೀದಿಯ ಬಿಲ್ಲನ್ನೂ ಪಶುವೈದ್ಯರ ಪ್ರಮಾಣಪತ್ರವನ್ನೂ ಜೋಪಾನವಾಗಿಟ್ಟವರಿಗೆ ಮಾತ್ರ ಇಂತಹ ಅವಕಾಶದಿಂದ ಪ್ರಯೋಜನ.

ಸಿಡುಬಿಗೆ ಲಸಿಕೆ ಇದೆ. ಆರರಿಂದ ಎಂಟು ವಾರದ ಮರಿಗೆ ರೆಕ್ಕೆಯ ತೆಳು ಚರ್ಮವನ್ನು ಸೂಜಿಯಿಂದ ಚುಚ್ಚಿ ಹಾಕುತ್ತಾರೆ. ಒಂದು ವಾರ, ಹತ್ತು ದಿನದೊಳಗೆ ಚುಚ್ಚಿದಲ್ಲಿ ಸಣ್ಣ ಗಂಟು ಎದ್ದರೆ ಲಸಿಕೆ ಹಿಡಿದಿದೆ ಎಂದರ್ಥ. ತೊಡಕಿರುವುದು ಸೀಸೆಯ ಗಾತ್ರದಲ್ಲಿ. ಒಂದೊಂದು ಸೀಸೆ ನೂರಾರು ಕೋಳಿಗಳಿಗಾಗುವಷ್ಟಿರುತ್ತದೆ, ತಂಪಿನಲ್ಲಿಯೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆರು ಕೋಳಿಯವನೊಬ್ಬ ತಂದರೆ ಉಳಿದದ್ದೆಲ್ಲ ಚರಂಡಿಗೆ. ಇಪ್ಪತ್ತು ಮೂವತ್ತು ಮನೆಗಳವರು ಒಂದೇ ದಿನಕ್ಕೆ ಕೋಳಿಗಳನ್ನು ಒಟ್ಟುಗೂಡಿಸಿದರೆ ತಲಾ ಬೀಳುವ ವೆಚ್ಚ ಚಹಾದ ಖರ್ಚಿಗಿಂತ ಕಡಿಮೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ನಾವು ರೋಗ ಬಂದ ಮೇಲೆ ಹೊಡೆಯುವುದಿಲ್ಲ, ಮಳೆ ಹಿಡಿಯುವ ಮೊದಲೇ ಕೊನೆಗೌಡನನ್ನು ಹುಡುಕುತ್ತೇವೆ, ಇದೂ ಹಾಗೆಯೇ. ಸಂತೆಯಿಂದ ಹೊಸ ಕೋಳಿ ತಂದರೆ ಎರಡು ಮೂರು ವಾರ ಪ್ರತ್ಯೇಕವಾಗಿಡುವುದನ್ನೂ ರೂಢಿಸಿಕೊಳ್ಳಬೇಕು.

ಸಿದ್ದಾಪುರದ ಆ ಹೇಂಟೆಯ ಹಕ್ಕಳೆಗಳು ನಾಲ್ಕನೆಯ ವಾರಕ್ಕೆ ಉದುರಿದವು. ಬಲಗಣ್ಣು ತೆರೆದುಕೊಂಡಿತು. ಮೈಲುತುತ್ತ ತಗುಲಿದ ಎಡಗಣ್ಣಿನಲ್ಲಿ ಬಿಳಿ ಪೊರೆ ಉಳಿದಿದೆ, ಆ ಕಡೆಯಿಂದ ಯಾರಾದರೂ ಹತ್ತಿರ ಹೋದರೆ ಬೆಚ್ಚುತ್ತದೆ. ಮಾಲೀಕರು ಈಗ ಹಾಳೆಯ ರಾಶಿಯನ್ನು ಕವುಚಿ ಪೇರಿಸಿ, ಮೇಲೆ ತಾಡಪತ್ರಿ ಹೊದಿಸುತ್ತಿದ್ದಾರೆ. ಮುಂದಿನ ಮಳೆಗಾಲಕ್ಕೆ ಮೊದಲು ಲಸಿಕೆ ಹಾಕಿಸಲು ಅವರ ಕೇರಿಯ ಹದಿನೇಳು ಮನೆಗಳವರು ಹೆಸರು ಬರೆಸಿದ್ದಾರೆ. ಪಟ್ಟಿ ಹುಡುಗಿಯ ಶಾಲೆಯ ನೋಟುಪುಸ್ತಕದ ಕೊನೆಯ ಪುಟದಲ್ಲಿದೆ.