ಸ್ಯಾನ್ ಡಿಯಾಗೊದ ಬೇಸ್‌ಬಾಲ್ ಮೇಷ್ಟ್ರು ಟೋನಿ ಗ್ವಿನ್

ಟೋನಿ ಗ್ವಿನ್ ಹುಟ್ಟಿದ್ದು 1960ರ ಮೇ 9ರಂದು, ಲಾಸ್ ಏಂಜಲೀಸ್‌ನಲ್ಲಿ. ಬೆಳೆದದ್ದು ಪಕ್ಕದ ಲಾಂಗ್ ಬೀಚ್‌ನಲ್ಲಿ. ಹಳೇ ಕಾಲುಚೀಲವನ್ನು ಉಂಡೆ ಕಟ್ಟಿ, ಮೇಲೆ ರಬ್ಬರ್ ಬ್ಯಾಂಡ್ ಬಿಗಿದು, ಅದನ್ನೇ ಚೆಂಡು ಮಾಡಿಕೊಂಡು ಅಣ್ಣತಮ್ಮಂದಿರು ಹಿತ್ತಲಲ್ಲಿ ಆಡುತ್ತಿದ್ದರು. ತಮ್ಮ ಕ್ರಿಸ್ ಕೂಡ ಮುಂದೆ ವೃತ್ತಿಪರ ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ವರೆಗೆ ಹೋದರು. ಟೋನಿ ಮಾತ್ರ ಒಂದೇ ಊರಿನಲ್ಲಿ ಕಾಲೇಜು ಓದಿ, ಅಲ್ಲಿನ ತಂಡಕ್ಕೇ 20 ವರ್ಷ ಆಡಿ, ಕೊನೆಗೆ ಅದೇ ಕಾಲೇಜಿನಲ್ಲಿ ಕೋಚ್ ಆದರು. ಹಣದ ಬೆನ್ನು ಹತ್ತಿ ಆಟಗಾರರು ತಂಡ ಬದಲಿಸುವುದು ಮಾಮೂಲಾಗಿರುವ ಅಮೆರಿಕದ ಕ್ರೀಡಾಲೋಕದಲ್ಲಿ ಇದು ಅಪರೂಪ.

ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯ ಅವರನ್ನು ಸೇರಿಸಿಕೊಂಡಿದ್ದು ಬೇಸ್‌ಬಾಲ್‌ಗೆ ಅಲ್ಲ, ಬಾಸ್ಕೆಟ್‌ಬಾಲ್‌ಗೆ. ಜೊತೆ ಆಟಗಾರರು ಅಂಕ ಗಳಿಸುವಂತೆ ಚೆಂಡು ದಾಟಿಸುವುದರಲ್ಲಿ ಗ್ವಿನ್ ಪಳಗಿದವರು. ಅಂಥ 590 ಪಾಸ್‌ಗಳೊಂದಿಗೆ ಕಾಲೇಜಿನ ದಾಖಲೆ ಬರೆದರು. ಮೊದಲ ವರ್ಷ ಬೇಸ್‌ಬಾಲ್ ಮೈದಾನಕ್ಕೆ ಇಳಿಯಲೇ ಇಲ್ಲ. ಇಳಿದ ಮೇಲೆ ಕಾಲೇಜು ಮುಗಿಯುವಷ್ಟರಲ್ಲಿ ಅವರ ಸರಾಸರಿ .398. 1981ರ ಜೂನ್‌ನಲ್ಲಿ, ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗಳಲ್ಲಿ, ಎರಡು ಆಟಗಳಿಂದ ಕರೆ ಬಂತು. ಬಾಸ್ಕೆಟ್‌ಬಾಲ್‌ನ ಕ್ಲಿಪ್ಪರ್ಸ್ ಹತ್ತನೇ ಸುತ್ತಿನಲ್ಲಿ, ಬೇಸ್‌ಬಾಲ್‌ನ ಪಾಡ್ರೆಸ್ ಮೂರನೇ ಸುತ್ತಿನಲ್ಲಿ ಅವರ ಹೆಸರು ಹೇಳಿದವು. ಎರಡೂ ಆಗ ಸ್ಯಾನ್ ಡಿಯಾಗೊದ ತಂಡಗಳೇ. ಗ್ವಿನ್ ಪಾಡ್ರೆಸ್ ಸೇರಿ, 1982ರ ಜುಲೈ 19ರಂದು ಮೇಜರ್ ಲೀಗ್‌ನ ಮೊದಲ ಪಂದ್ಯ ಆಡಿದರು.

ಕ್ರಿಕೆಟ್ ನೋಡಿ ಬೆಳೆದವರಿಗೆ .398 ಎಂಬ ಅಂಕಿ ವಿಚಿತ್ರವಾಗಿ ಕಾಣಬಹುದು. ಬೇಸ್‌ಬಾಲ್‌ನ ಸರಾಸರಿಯಲ್ಲಿ ರನ್ನಿನ ಲೆಕ್ಕವಿಲ್ಲ. ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ಮುಟ್ಟಿದರೆ ಅದು ಒಂದು ಹಿಟ್. ಬ್ಯಾಟಿಂಗ್ ಸರದಿಗಳಲ್ಲಿ ಎಷ್ಟು ಪಾಲು ಹಿಟ್ ಆದವು ಎಂಬುದೇ ಸರಾಸರಿ. ಪಿಚರ್ ಸುಮಾರು 18.4 ಮೀಟರ್ ದೂರದಿಂದ ಎಸೆದ, ನೆಲಕ್ಕೆ ಪುಟಿಯದೆ ನೇರ ಬರುವ ಚೆಂಡನ್ನು ಗುಂಡನೆಯ ಬ್ಯಾಟಿನಿಂದ ಹೊಡೆಯಬೇಕು. ಹತ್ತರಲ್ಲಿ ಮೂರು ಸಲ ಗೆದ್ದವನು ಒಳ್ಳೆಯ ಬ್ಯಾಟರ್. ಗ್ವಿನ್ 9,288 ಸರದಿಗಳಲ್ಲಿ 3,141 ಹಿಟ್ ಹೊಡೆದರು, ಸರಾಸರಿ .338. ಮೊದಲ ವರ್ಷ ಬಿಟ್ಟರೆ ಮುಂದಿನ 19 ವರ್ಷವೂ ಅದು .300ರ ಕೆಳಗೆ ಇಳಿಯಲಿಲ್ಲ. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲಿ ಅತಿ ಹೆಚ್ಚು ಸರಾಸರಿಗೆ ಸಿಗುವ ಬ್ಯಾಟಿಂಗ್ ಪ್ರಶಸ್ತಿ 8 ಬಾರಿ ಅವರ ಪಾಲಾಯಿತು.

ಇದಕ್ಕಿಂತ ಬೆರಗು ಹುಟ್ಟಿಸುವುದು ಅವರು ಚೆಂಡು ತಪ್ಪಿಸಿಕೊಂಡು ಔಟಾದ, ಅಂದರೆ ಸ್ಟ್ರೈಕ್‌ಔಟ್ ಆದ ಲೆಕ್ಕ. ಈಗಿನ ಬ್ಯಾಟರ್ ಒಂದೇ ವರ್ಷದಲ್ಲಿ 150 ಸಲ ಸ್ಟ್ರೈಕ್‌ಔಟ್ ಆದರೂ ಯಾರೂ ಹುಬ್ಬೇರಿಸುವುದಿಲ್ಲ. ಗ್ವಿನ್ 20 ವರ್ಷ ಸೇರಿಸಿದರೂ ಆದದ್ದು 434 ಸಲ. 1995ರಲ್ಲಂತೂ ಇಡೀ ವರ್ಷಕ್ಕೆ 15. ಆ ಕಾಲದ ಅತಿ ಚಾಣಾಕ್ಷ ಪಿಚರ್ ಎನಿಸಿದ್ದ ಗ್ರೆಗ್ ಮ್ಯಾಡಕ್ಸ್ ಅವರನ್ನು ಗ್ವಿನ್ 107 ಸಲ ಎದುರಿಸಿದರು. ಒಮ್ಮೆಯೂ ಸ್ಟ್ರೈಕ್‌ಔಟ್ ಆಗಲಿಲ್ಲ.

ಇದನ್ನೆಲ್ಲ ಹುಟ್ಟುಪ್ರತಿಭೆಯ ಖಾತೆಗೆ ಹಾಕಿಬಿಡುವುದು ಸುಲಭ, ಆದರೆ ಸರಿಯಲ್ಲ. 1983ರಲ್ಲಿ ಮಣಿಕಟ್ಟಿನ ಗಾಯದಿಂದ ಚೇತರಿಸಿಕೊಂಡು ಬಂದ ಮೇಲೆ ಬ್ಯಾಟು ಮಾತು ಕೇಳುತ್ತಿರಲಿಲ್ಲ. ಹೊರಊರಿನಲ್ಲಿದ್ದ ಗ್ವಿನ್ ಹೆಂಡತಿ ಅಲಿಶಿಯಾಗೆ ಫೋನ್ ಮಾಡಿ, ಟೀವಿಯಲ್ಲಿ ಬರುವ ಪಂದ್ಯವನ್ನು ಮನೆಯ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಡಲು ಹೇಳಿದರು. ಊರಿಗೆ ಬಂದು ಟೇಪನ್ನು ಹಿಂದೆ ಮುಂದೆ ಓಡಿಸಿ ನೋಡಿದಾಗ ತಪ್ಪು ಸಿಕ್ಕಿತು. ಅಲ್ಲಿಂದ ಅದೇ ಅಭ್ಯಾಸವಾಯಿತು. ತಮ್ಮ ಸರದಿಗಳನ್ನಷ್ಟೇ ಬಿಡಿಸಿ ಬೇರೆ ಟೇಪಿಗೆ ಹಾಕಿಕೊಳ್ಳುವುದು, ಊರಿಂದೂರಿಗೆ ಯಂತ್ರವನ್ನೇ ಹೊತ್ತೊಯ್ಯುವುದು, ಪಂದ್ಯಕ್ಕೆ ಮುಂಚೆ ಕೂತು ನೋಡುವುದು. ಗೆಳೆಯರು ‘ಕ್ಯಾಪ್ಟನ್ ವಿಡಿಯೊ’ ಎಂದು ಗೇಲಿ ಮಾಡಿದರು. ಇವತ್ತು ಎಲ್ಲ ತಂಡಗಳೂ ವಿಡಿಯೊ ವಿಶ್ಲೇಷಣೆಗೆಂದೇ ಜನ ಇಟ್ಟುಕೊಂಡಿವೆ. ಅಂದು ಆ ಖರ್ಚು ಗ್ವಿನ್ ಅವರದೇ ಜೇಬಿನದು.

ಅವರ ಹೊಡೆತಕ್ಕೂ ಒಂದು ಗುರುತಿನ ಜಾಗವಿತ್ತು. ಬೇಸ್‌ಬಾಲ್‌ನಲ್ಲಿ ಫೀಲ್ಡರ್‌ಗಳ ಸ್ಥಾನಗಳಿಗೆ ಸಂಖ್ಯೆ ಇರುತ್ತದೆ: ಮೂರನೇ ಬೇಸ್ ಕಾಯುವವನು 5, ಅವನ ಪಕ್ಕದ ಶಾರ್ಟ್‌ಸ್ಟಾಪ್ 6. ಎಡಗೈ ಬ್ಯಾಟರ್ ಗ್ವಿನ್ ಚೆಂಡನ್ನು ಕೊನೇ ಗಳಿಗೆಯವರೆಗೆ ಬರಗೊಟ್ಟು, ಇವರಿಬ್ಬರ ನಡುವಿನ ಸಂದಿಗೆ ತಳ್ಳುತ್ತಿದ್ದರು. ಆ ಸಂದಿಗೆ ಅವರಿಟ್ಟ ಹೆಸರು ‘5.5’; ಶೂ ಮೇಲೂ ಅದನ್ನು ಬರೆಸಿಕೊಂಡಿದ್ದರು. ಸಿಕ್ಸರ್‌ನಂಥ ಹೋಮ್‌ರನ್‌ಗೆ ಆಸೆಪಡದ ಕಾರಣ ಮೂವತ್ತೆರಡೂವರೆ ಅಂಗುಲದ ಪುಟ್ಟ ಬ್ಯಾಟೇ ಅವರಿಗೆ ಸಾಕಾಗಿತ್ತು. ಜನ ಕೂಗಿ ಕುಣಿಯುವ ಹೊಡೆತ ಅದಲ್ಲ. ಎರಡು ಸಲ, 1984 ಮತ್ತು 1998ರಲ್ಲಿ, ಪಾಡ್ರೆಸ್ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಮುಟ್ಟಿ ಸೋತಿತು. ಚಾಂಪಿಯನ್ ಪಟ್ಟ ಗ್ವಿನ್‌ಗೆ ದಕ್ಕಲೇ ಇಲ್ಲ.

ಕೈಗೆ ಬಂದು ತಪ್ಪಿದ ಇನ್ನೊಂದು ತುತ್ತು 1994ರದು. 1941ರಲ್ಲಿ ಟೆಡ್ ವಿಲಿಯಮ್ಸ್ .406 ಗಳಿಸಿದ ನಂತರ ಮೇಜರ್ ಲೀಗ್‌ನಲ್ಲಿ ಯಾರೂ .400 ಮುಟ್ಟಿರಲಿಲ್ಲ. 1994ರ ಆಗಸ್ಟ್‌ನಲ್ಲಿ ಆಟಗಾರರ ಮುಷ್ಕರದಿಂದ ಋತು ಅರ್ಧಕ್ಕೇ ನಿಂತಾಗ ಗ್ವಿನ್ .394ರಲ್ಲಿದ್ದರು. ಆಡಿದ ಅಷ್ಟೇ ಸರದಿಗಳಲ್ಲಿ ಇನ್ನು ಮೂರು ಹಿಟ್ ಸಿಕ್ಕಿದ್ದರೆ .400 ದಾಟುತ್ತಿತ್ತು. ಇನ್ನೊಂದು ಮೈಲುಗಲ್ಲು ಮಾತ್ರ ತಪ್ಪಲಿಲ್ಲ: 1999ರ ಆಗಸ್ಟ್ 6ರಂದು, ತಾಯಿಯ ಹುಟ್ಟುಹಬ್ಬದ ದಿನವೇ, ಮಾಂಟ್ರಿಯಲ್‌ನಲ್ಲಿ 3,000ನೇ ಹಿಟ್ ಬಂತು. ಮೊದಲ ಬೇಸ್‌ನಲ್ಲಿ ನಿಂತಿದ್ದ ಅಂಪೈರ್ ಕರ್ವಿನ್ ಡ್ಯಾನ್ಲಿ ಗ್ವಿನ್ ಅವರ ಕಾಲೇಜು ತಂಡದ ಜೊತೆಗಾರ. ತಾನು ಅಂಪೈರ್ ಎಂಬುದನ್ನೂ ಬದಿಗಿಟ್ಟು ಡ್ಯಾನ್ಲಿ ಅವರನ್ನು ತಬ್ಬಿಕೊಂಡರು.

2001ರಲ್ಲಿ ನಿವೃತ್ತಿ. ಅಷ್ಟು ಹೆಸರಿದ್ದವರಿಗೆ ಮೇಜರ್ ಲೀಗ್‌ನಲ್ಲೇ ಕೆಲಸ ದುರ್ಲಭವಾಗಿರಲಿಲ್ಲ. ಗ್ವಿನ್ ಆರಿಸಿಕೊಂಡದ್ದು ಸ್ಯಾನ್ ಡಿಯಾಗೊ ಸ್ಟೇಟ್. ಮೊದಲು ಸಂಬಳವಿಲ್ಲದ ಸಹಾಯಕ. 2003ರ ಋತುವಿನಿಂದ ಮುಖ್ಯ ಕೋಚ್. ತಂಡ ಆಡುತ್ತಿದ್ದ ಮೈದಾನಕ್ಕೆ ಆಗಲೇ ಅವರದೇ ಹೆಸರಿತ್ತು. ಮೊದಲ ವರ್ಷ ತಂಡದಲ್ಲಿ ಮಗ ಟೋನಿ ಜೂನಿಯರ್ ಕೂಡ ಇದ್ದ.

ಕಾಲೇಜು ಕೋಚ್‌ನ ಕೆಲಸ ಬ್ಯಾಟಿಂಗ್ ಹೇಳಿಕೊಡುವುದಕ್ಕೇ ಮುಗಿಯುವುದಿಲ್ಲ. ಹೈಸ್ಕೂಲುಗಳಿಂದ ಹುಡುಗರನ್ನು ಹುಡುಕಿ ತರಬೇಕು, ಅವರು ತರಗತಿಗೆ ಹೋಗುವಂತೆ ನೋಡಿಕೊಳ್ಳಬೇಕು. ಆಗಿನ ನಿಯಮದಂತೆ ಒಂದು ತಂಡಕ್ಕೆ ಸಿಗುತ್ತಿದ್ದ ಪೂರ್ಣ ವಿದ್ಯಾರ್ಥಿವೇತನ 11.7 ಮಾತ್ರ, ಅದನ್ನು ಚೂರುಚೂರು ಮಾಡಿ ಇಡೀ ತಂಡಕ್ಕೆ ಹಂಚಬೇಕು. ಹನ್ನೆರಡು ಋತುಗಳ ಕೊನೆಗೆ ಗ್ವಿನ್ ಅವರ ಲೆಕ್ಕ 363 ಗೆಲುವು, 363 ಸೋಲು. ಮಹಾನ್ ಆಟಗಾರ ತಾನಾಗಿಯೇ ಮಹಾನ್ ಕೋಚ್ ಆಗುವುದಿಲ್ಲ ಎನ್ನುವವರಿಗೆ ಈ ಅಂಕಿ ಸಾಕು. ಆದರೆ ರಾಷ್ಟ್ರೀಯ ಕಾಲೇಜು ಟೂರ್ನಿಯಿಂದ ದೂರವೇ ಉಳಿದಿದ್ದ ತಂಡ 2009, 2013 ಮತ್ತು 2014ರಲ್ಲಿ ಅಲ್ಲಿಗೆ ಹೋಯಿತು ಎಂಬುದನ್ನೂ ಜೊತೆಗಿಟ್ಟು ನೋಡಬೇಕು.

ಸ್ಟೀಫನ್ ಸ್ಟ್ರಾಸ್‌ಬರ್ಗ್ ಎಂಬ ಸ್ಥಳೀಯ ಹುಡುಗನ ಕಥೆಯನ್ನೂ ನೋಡಬೇಕು. ಹೈಸ್ಕೂಲು ಮುಗಿಸಿದಾಗ ದಪ್ಪಗಿದ್ದ, ಸ್ವಲ್ಪ ಓಡಿದರೆ ಸುಸ್ತಾಗುತ್ತಿದ್ದ ಈ ಪಿಚರ್‌ನನ್ನು ಯಾವ ವೃತ್ತಿಪರ ತಂಡವೂ ಕೇಳಲಿಲ್ಲ. ಗ್ವಿನ್ ತಂಡದಲ್ಲಿ ಮೈ ಇಳಿಸಿ, ವೇಗ ಏರಿಸಿಕೊಂಡು, 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಅಮೆರಿಕ ತಂಡದಲ್ಲಿದ್ದ ಏಕೈಕ ಕಾಲೇಜು ಆಟಗಾರನಾದ. 2009ರ ಮೇ 8ರಂದು ಏರ್ ಫೋರ್ಸ್ ತಂಡಕ್ಕೆ ಇಡೀ ಪಂದ್ಯದಲ್ಲಿ ಒಂದು ಹಿಟ್ಟನ್ನೂ ಬಿಟ್ಟುಕೊಡದೆ 17 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. ಮುಂದಿನ ತಿಂಗಳ ಡ್ರಾಫ್ಟ್‌ನಲ್ಲಿ ಮೊದಲ ಹೆಸರೇ ಅವನದು.

ಕಿರಿಯರ ಜೊತೆಗಿನ ಒಡನಾಟ ಕಾಲೇಜಿನ ಗೇಟಿನೊಳಗೇ ಉಳಿಯಲಿಲ್ಲ. ಗಂಡಹೆಂಡತಿ ಕಷ್ಟದಲ್ಲಿರುವ ಮಕ್ಕಳಿಗಾಗಿ ತಮ್ಮ ಹೆಸರಿನಲ್ಲಿ ಪ್ರತಿಷ್ಠಾನ ನಡೆಸಿದರು. ಸಮಾಜಸೇವೆಗಾಗಿ ಮೇಜರ್ ಲೀಗ್ ಕೊಡುವ ರಾಬರ್ಟೊ ಕ್ಲೆಮೆಂಟೆ ಪ್ರಶಸ್ತಿ 1999ರಲ್ಲಿ ಗ್ವಿನ್‌ಗೆ ಬಂತು. 2007ರಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವ ಸಂದಿತು. ಮತ ಹಾಕಿದವರಲ್ಲಿ ಶೇ. 97.6 ಮಂದಿ ಅವರ ಪರ.

ಒಂದು ಚಟವನ್ನು ಮಾತ್ರ ಬಿಡಲಾಗಲಿಲ್ಲ. ನಮ್ಮಲ್ಲಿ ಎಲೆಯಡಿಕೆ ಜೊತೆ ಹೊಗೆಸೊಪ್ಪನ್ನು ದವಡೆಗೆ ಒತ್ತರಿಸಿಕೊಳ್ಳುವಂತೆ, ಅಮೆರಿಕದ ಬೇಸ್‌ಬಾಲ್ ಆಟಗಾರರು ತಂಬಾಕಿನ ಪುಡಿಯನ್ನು ತುಟಿ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳುವುದು ತಲೆಮಾರುಗಳ ರೂಢಿ. ಗ್ವಿನ್ ಅದನ್ನು ದಶಕಗಳ ಕಾಲ ಬಳಸಿದರು. 2010ರಲ್ಲಿ ಜೊಲ್ಲುಗ್ರಂಥಿಯ ಕ್ಯಾನ್ಸರ್ ಪತ್ತೆಯಾದಾಗ ತಂಬಾಕೇ ಕಾರಣವೆಂದು ಬಹಿರಂಗವಾಗಿ ಹೇಳಿದರು. 2014ರ ಜೂನ್ 16ರಂದು, 54ನೇ ವಯಸ್ಸಿನಲ್ಲಿ, ಕೋಚ್ ಹುದ್ದೆಯಲ್ಲಿರುವಾಗಲೇ ತೀರಿಕೊಂಡರು. ಅವರ ಶಿಷ್ಯರಾಗಿದ್ದ ಸ್ಟ್ರಾಸ್‌ಬರ್ಗ್ ಮತ್ತು ಅಡಿಸನ್ ರೀಡ್ ಆ ಸಾವಿನ ಬೆನ್ನಲ್ಲೇ ತಂಬಾಕು ಬಿಡುವುದಾಗಿ ಹೇಳಿದರು.

2016ರ ಕೊನೆಯಲ್ಲಿ ಮೇಜರ್ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆದ ಒಪ್ಪಂದ ಹೊಸದಾಗಿ ಲೀಗ್‌ಗೆ ಬರುವ ಆಟಗಾರರಿಗೆ ಈ ತಂಬಾಕನ್ನು ನಿಷೇಧಿಸಿತು. ಹಳಬರಿಗೆ ವಿನಾಯಿತಿ ಕೊಟ್ಟಿತು. ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಪ್ರಶಸ್ತಿಗೆ ಟೋನಿ ಗ್ವಿನ್ ಹೆಸರಿಟ್ಟಿದ್ದೂ ಅದೇ ವರ್ಷ.